ಪುಟ್ಟ ಟ್ಯಾಂಕಿಗೆ ಮಳೆ ಬಿಸಿಲು

ಪ್ಲಾಸ್ಟಿಕ್ಕಿನ ಮಾದರಿ ಟ್ಯಾಂಕನ್ನು ಜೋಡಿಸುವುದು ಒಂದು ಕೆಲಸ, ಅದನ್ನು ಮುಗಿಸುವುದು ಇನ್ನೊಂದು ಕೆಲಸ. ಜೋಡಿಸುವುದಕ್ಕೆ ಪೆಟ್ಟಿಗೆಯೊಳಗೇ ಒಂದು ಚೀಟಿ ಇರುತ್ತದೆ. ಒಂದನೆಯ ಭಾಗಕ್ಕೆ ಎರಡನೆಯದನ್ನು ಅಂಟಿಸಿ, ಎರಡನೆಯದಕ್ಕೆ ಮೂರನೆಯದನ್ನು ಅಂಟಿಸಿ ಎಂದು ಅದು ಕೈಹಿಡಿದು ನಡೆಸುತ್ತದೆ. ತಾಳ್ಮೆಯೊಂದಿದ್ದರೆ ಹೈಸ್ಕೂಲಿನ ಹುಡುಗನೂ ಅದನ್ನು ಮಾಡಿಯಾನು. ಆದರೆ ಜೋಡಿಸಿ, ಹಸಿರು ಬಣ್ಣ ಬಳಿದು ಮೇಜಿನ ಮೇಲೆ ಇಟ್ಟ ಟ್ಯಾಂಕು ಇನ್ನೂ ಆಟದ ಸಾಮಾನಿನಂತೆಯೇ ಕಾಣುತ್ತದೆ. ಅದು ಎಲ್ಲಿಯೂ ಹೋಗಿ ಬಂದದ್ದಲ್ಲ, ಯಾವ ಮಳೆಯಲ್ಲಿಯೂ ನೆನೆದದ್ದಲ್ಲ. ಅದಕ್ಕೆ ಮಳೆ, ಬಿಸಿಲು, ಧೂಳು, ತುಕ್ಕುಗಳ ಗುರುತು ಹಚ್ಚಿ ನಿಜವಾದ ಯಂತ್ರದ ಕಳೆ ತರುವ ಕೆಲಸಕ್ಕೆ ವೆದರಿಂಗ್ ಎಂದು ಹೆಸರು. ನಾವು ಅದನ್ನು ಹವೆ ಹಿಡಿಸುವುದು ಎನ್ನೋಣ. ಈ ಕೆಲಸಕ್ಕೆ ಪೆಟ್ಟಿಗೆಯೊಳಗೆ ಚೀಟಿ ಇಲ್ಲ. ಚೀಟಿಯನ್ನು ಹೊರಗಡೆ ಹುಡುಕಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆ ಮನೆಯಿರುವವರಿಗೆ ಆ ಚೀಟಿ ಅಂಗಳದಲ್ಲಿಯೇ ಬಿದ್ದಿದೆ ಎಂಬುದು ನಾನು ಈ ಹೊತ್ತು ಹೇಳಹೊರಟಿರುವ ಮಾತು.

ಮೊದಲು ಅಳತೆಯ ವಿಷಯ. ಮಾದರಿ ಟ್ಯಾಂಕುಗಳಲ್ಲಿ ಹೆಚ್ಚಾಗಿ ಸಿಕ್ಕುವುದು ಮೂವತ್ತೈದರಲ್ಲಿ ಒಂದು ಪಾಲಿನ ಅಳತೆ. ಈ ಮೂವತ್ತೈದು ಎಂಬ ವಿಚಿತ್ರ ಸಂಖ್ಯೆ ಯಾವ ಶಾಸ್ತ್ರದಿಂದಲೂ ಬಂದದ್ದಲ್ಲ. ಜಪಾನಿನ ತಾಮಿಯಾ ಕಂಪನಿಯವರು ೧೯೬೦ರ ದಶಕದ ಆರಂಭದಲ್ಲಿ ತಮ್ಮ ಮೊದಲ ಮೋಟಾರು ಟ್ಯಾಂಕನ್ನು ಮಾಡಿದಾಗ, ಒಳಗೆ ಬ್ಯಾಟರಿಗಳೂ ಮೋಟಾರೂ ಹಿಡಿಸುವಷ್ಟು ದೊಡ್ಡದಾಗಿರಲಿ ಎಂದು ಒಡಲನ್ನು ರೂಪಿಸಿದರು. ಆಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಮೂವತ್ತೈದರಲ್ಲಿ ಒಂದು ಪಾಲಾಗಿತ್ತು. ಜಗತ್ತೆಲ್ಲ ಅದನ್ನೇ ಹಿಡಿಯಿತು. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಅಂಗಳಕ್ಕೆ ಬರೋಣ. ಮೂಡಿಗೆರೆಯ ಕಡೆಯ ತೋಟದ ಜೀಪೊಂದನ್ನು ಶ್ರಾವಣದಲ್ಲಿ ನಿಲ್ಲಿಸಿ ನೋಡಿ. ಮೈಯೆಲ್ಲ ಒಂದೇ ಸಮನಾಗಿ ಕೊಳೆಯಾಗಿದೆಯೆ? ಇಲ್ಲ. ಚಕ್ರದ ಹಿಂದೆ ಕೆಸರು ಗಟ್ಟಿಯಾಗಿ ಹತ್ತಿದೆ; ಮೇಲಕ್ಕೆ ಹೋದಂತೆ ಅದು ಚುಕ್ಕೆ ಚುಕ್ಕೆಯಾಗಿ ತೆಳುವಾಗಿದೆ. ಬಾನೆಟ್ಟಿನ ಮೇಲೆ ಕೆಸರಿಲ್ಲ, ಬಿಸಿಲಿಗೆ ಬಣ್ಣ ಮಾತ್ರ ಬಿಳಿಚಿದೆ. ಹತ್ತುವ ಮೆಟ್ಟಿಲಿನ ಅಂಚಿನಲ್ಲಿ ಕಾಲು ತಿಕ್ಕಿ ತಿಕ್ಕಿ ಲೋಹ ಹೊಳೆಯುತ್ತಿದೆ. ಬಾಗಿಲಿನ ಹಿಡಿಯ ಸುತ್ತ ಕೈಯ ಜಿಡ್ಡಿಗೆ ಬಣ್ಣ ಕಪ್ಪಾಗಿದೆ. ಎಣ್ಣೆ ಹೊಯ್ಯುವ ಮುಚ್ಚಳದ ಕೆಳಗೆ ಒಂದು ಜಿಡ್ಡಿನ ಗೆರೆ ಇಳಿದಿದೆ. ಒಂದೊಂದು ಕಲೆಗೂ ಒಂದೊಂದು ಕಾರಣ ಉಂಟು. ಕಾರಣವಿಲ್ಲದ ಕಲೆ ಆ ಜೀಪಿನ ಮೈಮೇಲೆ ಒಂದೂ ಇಲ್ಲ.

ಮನೆಯ ಮಾಡಿನ ಜಿಂಕ್ ಶೀಟನ್ನು ನೋಡಿ. ತುಕ್ಕು ನಟ್ಟನಡುವೆ ಹುಟ್ಟುವುದಿಲ್ಲ. ಮೊಳೆ ಹೊಡೆದ ತೂತಿನಲ್ಲಿ, ಕತ್ತರಿಸಿದ ಅಂಚಿನಲ್ಲಿ, ನೀರು ನಿಲ್ಲುವ ಮಡಿಕೆಯಲ್ಲಿ ಅದು ಮೊದಲು ತಲೆಹಾಕುತ್ತದೆ. ಅಲ್ಲಿಂದ ಮಳೆನೀರಿನ ಜೊತೆ ಕೆಳಕ್ಕೆ ಗೆರೆಯಾಗಿ ಇಳಿಯುತ್ತದೆ. ಗೆರೆ ಮೇಲೆ ಗಾಢ, ಕೆಳಗೆ ತೆಳು. ಕಳಸದವರಿಗೆ ಇನ್ನೊಂದು ಪಾಠ ಗೊತ್ತು. ಜೋರು ಮಳೆಗಾಲದಲ್ಲಿ ಭದ್ರೆ ಹೆಬ್ಬಾಳೆ ಸೇತುವೆಯ ಮೇಲೆಯೇ ಹರಿದುಬಿಡುತ್ತಾಳೆ. ನೀರು ಇಳಿದ ಮೇಲೆ ದಡದ ಮರಗಳ ಮೇಲೆ ಮಣ್ಣಿನ ಮಟ್ಟದ ಗೆರೆಯೊಂದು ಉಳಿಯುತ್ತದೆ. ಅದು ರಸಮಟ್ಟ ಹಿಡಿದು ಎಳೆದಷ್ಟು ನೇರ. ನೀರು ದಾಟಿ ಬಂದ ಯಾವ ಗಾಡಿಯ ಮೇಲೆಯೂ ಅಂಥದೇ ಗೆರೆ ಬೀಳಬೇಕು.

ತುಕ್ಕಿನ ಬಣ್ಣಕ್ಕೂ ನಮ್ಮ ಬೆಟ್ಟಗಳಿಗೂ ರಕ್ತಸಂಬಂಧವಿದೆ. ತುಕ್ಕೆಂದರೆ ಕಬ್ಬಿಣ ಗಾಳಿಯ ಆಮ್ಲಜನಕವನ್ನೂ ನೀರನ್ನೂ ಸೇರಿ ಆದದ್ದು. ನಮ್ಮ ಜಂಬಿಟ್ಟಿಗೆ ಮಣ್ಣು ಕೆಂಪಾಗಿರುವುದೂ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದಲೇ. ಕೆಮ್ಮಣ್ಣುಗುಂಡಿ ಎಂಬ ಹೆಸರೇ ಅದನ್ನು ಹೇಳುತ್ತದೆ. ೧೯೨೩ರಲ್ಲಿ ಕಬ್ಬಿಣ ತೆಗೆಯತೊಡಗಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಅಲ್ಲಿಂದ. ಬೆಟ್ಟದ ಮೇಲಿಂದ ತಣಿಗೆಬೈಲಿಗೆ ಹಗ್ಗದ ದಾರಿಯಲ್ಲಿ ತೊಟ್ಟಿಲುಗಳು ಅದನ್ನು ಇಳಿಸುತ್ತಿದ್ದವು. ಕಳಸದ ಆಚೆ ಕುದುರೆಮುಖದಲ್ಲಿ ೨೦೦೫ನೆಯ ಇಸವಿಯ ಕೊನೆಯವರೆಗೂ ಕಬ್ಬಿಣದ ಗಣಿ ನಡೆಯಿತು. ಮಾದರಿ ಮಾಡುವವರು ಪುಟ್ಟ ಡಬ್ಬಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ತುಕ್ಕಿನ ಪುಡಿಯೂ ಕಬ್ಬಿಣದ ಆಕ್ಸೈಡೇ. ಹಳದಿ, ಕಿತ್ತಳೆ, ಕೆಂಪು, ಕಂದು, ಕಪ್ಪು, ಎಲ್ಲವೂ ಒಂದೇ ಮನೆತನದ ಮಕ್ಕಳು. ಹೊಸ ತುಕ್ಕು ಕಿತ್ತಳೆ, ಹಳೆಯದು ಕಡುಕಂದು. ಹಳೆಯದರ ಮೇಲೆ ಹೊಸದು ಸ್ವಲ್ಪ, ಇದೇ ಕ್ರಮ.

ಇಲ್ಲಿಯವರೆಗೆ ಕೇಳಿದವರು, ಹಾಗಾದರೆ ಅಂಗಳದ ಕೆಂಪು ಮಣ್ಣನ್ನೇ ಅರೆದು ಟ್ಯಾಂಕಿಗೆ ಬಳಿಯೋಣ ಎಂದಾರು. ಇಲ್ಲಿಯೇ ನಿಲ್ಲಬೇಕು. ಕಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ನಮ್ಮ ಬೆಟ್ಟದಿಂದ ಕಲಿಯಬಹುದು. ಆದರೆ ಕಲೆಯ ಬಣ್ಣವನ್ನು ಆ ಟ್ಯಾಂಕು ಹೋರಾಡಿದ ನೆಲದಿಂದಲೇ ತರಬೇಕು.

ಒಂದು ನಿದರ್ಶನ ತೆಗೆದುಕೊಳ್ಳಿ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ೧೯೫೭ರಿಂದ ೧೯೬೧ರವರೆಗೆ ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದರು. ಅದಕ್ಕೂ ಮೊದಲು, ೧೯೪೮ರಲ್ಲಿ, ಅವರು ಕಾಶ್ಮೀರದಲ್ಲಿ ಒಂದು ಡಿವಿಜನ್ನಿನ ದಳಪತಿಯಾಗಿದ್ದಾಗ ಸೋಜಿ ಲಾ ಎಂಬ ಕಣಿವೆಯ ಬಾಗಿಲನ್ನು ಶತ್ರುಗಳು ಹಿಡಿದು ಕುಳಿತಿದ್ದರು. ಅದು ಸಮುದ್ರಮಟ್ಟಕ್ಕಿಂತ ೧೧,೫೦೦ ಅಡಿಗೂ ಮೇಲಿನ ಜಾಗ. ಅಷ್ಟು ಎತ್ತರಕ್ಕೆ ಟ್ಯಾಂಕು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟೂಅರ್ಟ್ ಟ್ಯಾಂಕುಗಳನ್ನು ತಿರುಗುಗೋಪುರ ಬಿಚ್ಚಿ, ಗುಟ್ಟಾಗಿ ಸಾಗಿಸಿ, ಮತ್ತೆ ಜೋಡಿಸಿದರು. ಬಾಲ್ಟಾಲಿನಿಂದ ಮೇಲಕ್ಕೆ ಹೇಸರಗತ್ತೆಗಳ ಕಾಲುದಾರಿಯನ್ನು ಟ್ಯಾಂಕು ಹೋಗುವ ದಾರಿಯನ್ನಾಗಿ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಅವರ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿ. ೧೯೪೮ರ ನವೆಂಬರ್ ೧ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ತಿಮ್ಮಯ್ಯನವರೇ ಮುಂಚೂಣಿಯ ಟ್ಯಾಂಕೊಂದರಲ್ಲಿದ್ದರು.

ಈಗ ಆ ಸ್ಟೂಅರ್ಟ್ ಟ್ಯಾಂಕಿನ ಮಾದರಿ ನಿಮ್ಮ ಮುಂದೆ ಇದೆ ಎಂದುಕೊಳ್ಳಿ. ಉದ್ದ ಹದಿಮೂರು ಸೆಂಟಿಮೀಟರಿನಷ್ಟು, ಒಂದು ಗೇಣಿಗೂ ಕಡಿಮೆ. ಅದಕ್ಕೆ ಮೂಡಿಗೆರೆಯ ಕೆಂಪು ಕೆಸರು ಬಳಿದರೆ ನೋಡುವುದಕ್ಕೆ ಚೆನ್ನಾಗಿಯೇ ಕಾಣಬಹುದು; ಆದರೆ ಅದು ಸುಳ್ಳು. ಅಲ್ಲಿ ಇದ್ದದ್ದು ಬೂದುಬಣ್ಣದ ಕಲ್ಲುಪುಡಿ, ಹಿಮ, ಹಿಮ ಕರಗಿದ ನೀರು. ಆದುದರಿಂದ ಧೂಳು ಕಡಿಮೆ ಇರಬೇಕು, ತೇವದ ಕಪ್ಪು ಹೆಚ್ಚಿರಬೇಕು. ಗೋಪುರವನ್ನು ಬಿಚ್ಚಿ ಕೂಡಿಸಿದ್ದು ನೆನಪಿದ್ದರೆ, ಗೋಪುರದ ಬುಡದ ಸುತ್ತ ಬಣ್ಣ ಸ್ವಲ್ಪ ಕಿತ್ತಿರುವಂತೆ ಮಾಡುವುದು ನ್ಯಾಯವಾಗಿಯೇ ಇದ್ದೀತು. ಕಥೆ ಗೊತ್ತಿದ್ದವನ ಕುಂಚ ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಗುತ್ತದೆ.

ಇನ್ನೆರಡು ನೆಲಗಳನ್ನು ಹೋಲಿಸಿ. ೧೯೭೧ರ ಡಿಸೆಂಬರ್ ೧೬ರಂದು ಬಸಂತರ್ ನದಿಯ ಬಳಿ ಪೂನಾ ಹಾರ್ಸ್ ದಳದ ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ತನ್ನ ಸೆಂಚೂರಿಯನ್ ಟ್ಯಾಂಕಿನಲ್ಲಿ ಹೋರಾಡುತ್ತ ಮಡಿದರು. ಅವರಿಗೆ ಪರಮವೀರ ಚಕ್ರ ಸಂದಿತು. ಫಾಮಗುಸ್ತಾ ಎಂಬ ಹೆಸರಿನ ಆ ಟ್ಯಾಂಕನ್ನು ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಕವಚ ದಳದ ಕೇಂದ್ರದಲ್ಲಿ ಉಳಿಸಿಕೊಂಡಿದ್ದಾರೆ. ಆ ನೆಲ ಪಂಜಾಬಿನ ಬಯಲಿನ ಮೆಕ್ಕಲು ಮಣ್ಣು. ಒಣಗಿದರೆ ಗೋಧಿಹಿಟ್ಟಿನ ಕಡೆಗೆ ತಿರುಗಿದ ತಿಳಿ ಕಂದು. ಅದೇ ವರ್ಷ ನವೆಂಬರ್ ೨೧ರ ಬೆಳಿಗ್ಗೆ ಪೂರ್ವ ಬಂಗಾಳದ ಗರೀಬ್‌ಪುರದಲ್ಲಿ, ಮಂಜಿನ ನಡುವೆ, ೪೫ನೆಯ ಕ್ಯಾವಲ್ರಿಯ ಪಿಟಿ-೭೬ ಟ್ಯಾಂಕುಗಳು ಹೋರಾಡಿದವು. ಅವು ನೀರಿನಲ್ಲಿ ತೇಲಬಲ್ಲ ಹಗುರ ಟ್ಯಾಂಕುಗಳು. ಅಲ್ಲಿಯ ಕೆಸರು ಗದ್ದೆಯ ಬೂದು ಕೆಸರು. ಹೊಳೆ ದಾಟಿದ ಪಿಟಿ-೭೬ರ ಮಾದರಿ ಮಾಡುವುದಾದರೆ ಹೆಬ್ಬಾಳೆಯ ಆ ನೇರ ಗೆರೆ ಇಲ್ಲಿ ಉಪಯೋಗಕ್ಕೆ ಬಂದೀತು. ಗೆರೆ ನಮ್ಮದು, ಬಣ್ಣ ಮಾತ್ರ ಬಂಗಾಳದ್ದು. ಹೀಗೆ ಕುಂಚ ಹಿಡಿಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಟ್ಯಾಂಕು ನಿಂತಿರುವುದು ಯಾವ ನೆಲದಲ್ಲಿ? ಯಾವ ಋತುವಿನಲ್ಲಿ? ಹೋರಾಟಕ್ಕೆ ಮುಂಚೆಯೋ, ಆಮೇಲೆಯೋ?

ಇನ್ನು ಕೆಲಸದ ಕ್ರಮ. ಜೋಡಿಸಿದ ಮಾದರಿಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡೂ ಕೈಯ ಜಿಡ್ಡೂ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಪ್ರೈಮರಿನ ಅಡಿಬಣ್ಣ ಒಂದು ತೆಳು ಪದರ. ಅದರ ಮೇಲೆ ನೀರಿನಲ್ಲಿ ಕರಗುವ ಆಕ್ರಿಲಿಕ್ ಹಸಿರು. ಹಸಿರನ್ನು ಡಬ್ಬಿಯಲ್ಲಿದ್ದಂತೆ ಬಳಿಯಬೇಡಿ. ಒಂದಿಷ್ಟು ತಿಳಿ ಬಣ್ಣ ಬೆರೆಸಿ. ದೂರದ ವಸ್ತುವಿನ ಬಣ್ಣ ಕಣ್ಣಿಗೆ ತೆಳುವಾಗಿ ಕಾಣುತ್ತದೆ. ಮೂವತ್ತೈದರ ಲೆಕ್ಕ ಇಲ್ಲಿ ಬಂತು: ಮೂವತ್ತು ಸೆಂಟಿಮೀಟರು ದೂರದಿಂದ ಮಾದರಿಯನ್ನು ನೋಡುವುದೆಂದರೆ ನಿಜವಾದ ಟ್ಯಾಂಕನ್ನು ಹತ್ತೂವರೆ ಮೀಟರು ದೂರದಿಂದ ನೋಡಿದಂತೆ.

ಹಸಿರು ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಒಂದು ಕೈ. ನುಣುಪಾದ ಮೈಯ ಮೇಲೆ ಅಂಕಿ ಮತ್ತು ದಳದ ಗುರುತುಗಳ ಅಂಟುಚಿತ್ರ ಚೆನ್ನಾಗಿ ಕೂರುತ್ತದೆ. ಒರಟು ಮೈಯಾದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಆಮೇಲೆ ವಾಷ್. ಕಡುಕಂದು ತೈಲವರ್ಣವನ್ನು ವೈಟ್ ಸ್ಪಿರಿಟ್ಟಿನಲ್ಲಿ ಡಿಕಾಕ್ಷನ್ನಿಗಿಂತ ತೆಳುವಾಗಿ ಕದಡಿ, ಸಣ್ಣ ಕುಂಚದ ತುದಿಯನ್ನು ರಿವೆಟ್ಟಿನ ಬುಡಕ್ಕೆ ಮುಟ್ಟಿಸಿ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಸಂದುಗಳೇ ಅದನ್ನು ಎಳೆದುಕೊಳ್ಳುತ್ತವೆ. ಹೆಚ್ಚಾದದ್ದನ್ನು ಒರೆಸಿ. ಅಡಿಯ ಆಕ್ರಿಲಿಕ್ಕನ್ನು ಸ್ಪಿರಿಟ್ಟು ಕರಗಿಸದು. ಅಡಿಗೆ ನೀರಿನ ಬಣ್ಣ, ಮೇಲೆ ತೈಲದ ಬಣ್ಣ ಎಂಬ ಕ್ರಮದ ಗುಟ್ಟು ಇದೇ. ಬರಿಯ ಪ್ಲಾಸ್ಟಿಕ್ಕಿನ ಮೇಲೆ ಮಾತ್ರ ಸ್ಪಿರಿಟ್ಟು ನಿಲ್ಲದಿರಲಿ. ಬಿಗಿದು ಅಂಟಿಸಿದ ಕಡೆ ಬಿರುಕು ಬಿಟ್ಟೀತು.

ಮೂರನೆಯದು ಸವೆತ. ಸ್ಪಂಜಿನ ಚೂರನ್ನು ಕಡುಕಂದು ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ, ಹೆಚ್ಚಿನದನ್ನೆಲ್ಲ ಕಳೆದು, ಸೈನಿಕರು ಹತ್ತಿ ಇಳಿಯುವ ಅಂಚುಗಳಿಗೆ ಮೆಲ್ಲಗೆ ಮುಟ್ಟಿಸಿ. ಬೆಳ್ಳಿಬಣ್ಣ ಬೇಡ; ಗಾಳಿಗೆ ತೆರೆದ ಉಕ್ಕು ಬೇಗನೆ ಕಪ್ಪಾಗುತ್ತದೆ. ಮತ್ತೆ ಮೂವತ್ತೈದರ ಲೆಕ್ಕ: ಮಾದರಿಯ ಮೇಲೆ ಒಂದು ಮಿಲಿಮೀಟರಿನ ಕಲೆಯೆಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರು ಬಣ್ಣ ಕಿತ್ತಂತೆ. ಇಂಥ ಕಲೆ ನೂರು ಹಾಕಿದರೆ ಅದು ಟ್ಯಾಂಕಲ್ಲ, ಗುಜರಿ. ನಡೆಯುತ್ತಿರುವ ಟ್ಯಾಂಕಿಗೆ ಹೆಚ್ಚು ತುಕ್ಕು ಹಚ್ಚುವುದು ಅದರ ಸಿಬ್ಬಂದಿಗೆ ಮಾಡುವ ಅಪಚಾರ; ಅವರು ದಿನವೂ ಅದನ್ನು ಒರೆಸಿ, ಎಣ್ಣೆ ಹಾಕಿ ಕಾಪಾಡಿದವರು. ತುಕ್ಕು ನ್ಯಾಯವಾಗಿ ಸೇರುವುದು ಹೊಗೆಕೊಳವೆಗೆ, ಏಕೆಂದರೆ ಅಲ್ಲಿಯ ಬಣ್ಣವನ್ನು ಕಾವು ಸುಟ್ಟಿರುತ್ತದೆ. ಸರಪಳಿ ಪಟ್ಟಿ ಕಡುಕಂದಿರಲಿ. ನೆಲವನ್ನೂ ಗಾಲಿಯನ್ನೂ ಉಜ್ಜುವ ಮೈ ಮಾತ್ರ ಹೊಳೆಯಲಿ. ಅಲ್ಲಿಗೆ ಸೀಸದ ಕಡ್ಡಿಯನ್ನು ಉಜ್ಜಿದರೆ ಸಾಕು.

ಕೊನೆಯದು ಗೆರೆ ಮತ್ತು ಮಣ್ಣು. ಗೆರೆಯನ್ನು ಜಿಂಕ್ ಶೀಟು ಕಲಿಸಿದಂತೆ ಮೇಲಿಂದ ಕೆಳಕ್ಕೆ ಎಳೆಯಿರಿ. ಮುಕ್ಕಾಲು ಪಾಲನ್ನು ಸ್ಪಿರಿಟ್ಟಿನ ಒಣಕುಂಚದಿಂದ ಅಳಿಸಿಬಿಡಿ. ಮಣ್ಣಿಗೆ ಬಣ್ಣದ ಪುಡಿ: ಕೆಳಗೆ ಹೆಚ್ಚು, ಮೇಲೆ ಕಡಿಮೆ, ಒಣಗಿದ್ದು ತಿಳಿ, ಹಸಿ ಇದ್ದದ್ದು ಗಾಢ. ಇಡೀ ಮಾದರಿಗೆ ಹೊಳಪಿಲ್ಲದ ವಾರ್ನಿಷ್ ಕೊಡುವುದಿದ್ದರೆ ಪುಡಿಗೆ ಮೊದಲೇ ಕೊಡಿ. ಪುಡಿಯ ಮೇಲೆ ಕೊಟ್ಟರೆ ಧೂಳಿನ ಮೃದುತ್ವವೆಲ್ಲ ಕುಡಿದುಹೋಗುತ್ತದೆ.

ಈ ವಾರ್ನಿಷ್ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಪುಸ್ತಕಗಳನ್ನು ಬರೆದವರು ಆಷಾಢದ ಕಳಸವನ್ನು ಕಂಡವರಲ್ಲ. ಸ್ಪ್ರೇ ಮಾಡಿದ ಲ್ಯಾಕರ್ ಬೇಗನೆ ಆರುತ್ತದೆ. ಆರುವಾಗ ಮೈಯ ಶಾಖವನ್ನು ಒಯ್ಯುತ್ತದೆ. ತಣ್ಣೀರಿನ ಲೋಟದ ಹೊರಮೈಗೆ ಹನಿ ಕಟ್ಟುವಂತೆ ಆ ತಣುಪಿಗೆ ಗಾಳಿಯ ತೇವ ಬಂದು ಕೂರುತ್ತದೆ. ಬಣ್ಣ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ವಾರಗಟ್ಟಲೆ ಮಾಡಿದ ಕೆಲಸ ಒಂದು ನಿಮಿಷದಲ್ಲಿ ಹಾಳು. ಆದುದರಿಂದ ಮಳೆಗಾಲದಲ್ಲಿ ಜೋಡಿಸುವ ಕೆಲಸ, ಕುಂಚದ ಕೆಲಸ ಇಟ್ಟುಕೊಳ್ಳಿ. ಸ್ಪ್ರೇಯನ್ನೂ ಕೊನೆಯ ವಾರ್ನಿಷನ್ನೂ ಕಾಫಿ ಕೊಯ್ಲಿನ ದಿನಗಳಿಗೆ ಬಿಡಿ. ಕಣದಲ್ಲಿ ಕಾಫಿ ಒಣಗುವ ಹವೆಯೇ ವಾರ್ನಿಷ್ ಒಣಗುವ ಹವೆ. ಬೇಗ ಒಣಗಲೆಂದು ಮಾದರಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಜೊತೆಗೆ ಇಡಬೇಡಿ. ಈ ಪ್ಲಾಸ್ಟಿಕ್ಕು ನೂರು ಡಿಗ್ರಿಯ ಸಮೀಪ ಮೆತ್ತಗಾಗುತ್ತದೆ, ಫಿರಂಗಿಯ ನಳಿಗೆ ಅದಕ್ಕೂ ಮೊದಲೇ ಬಗ್ಗುತ್ತದೆ. ಸ್ಪಿರಿಟ್ಟಿನ ಆವಿಯೋ ಬೆಂಕಿಯ ಬಳಿ ಬರಲೇಬಾರದ್ದು. ಕಿಟಕಿ ತೆರೆದು ಕೆಲಸ ಮಾಡಿ, ಪುಡಿ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸೀಸೆಗಳನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತಿಡಿ.

ಇನ್ನೊಂದು ಉಪಾಯ ನಮ್ಮವರಿಗೆ ಸಹಜವಾಗಿ ಹೊಳೆಯುತ್ತದೆ: ಸೋಸಿ ಉಳಿದ ಕಾಫಿಯ ಗಷ್ಟು. ಒಣಗಿಸಿ ಅಂಟಿನಲ್ಲಿ ಕಲಸಿದರೆ ಅದು ಅಚ್ಚ ನೆಲದಂತೆಯೇ ಕಾಣುತ್ತದೆ, ಸುಳ್ಳಲ್ಲ. ಆದರೆ ಮೊದಲ ಮಳೆಗಾಲದಲ್ಲಿಯೇ ಅದಕ್ಕೆ ಬೂಷ್ಟು ಬರುತ್ತದೆ. ಜೀವವಿದ್ದ ವಸ್ತು ತೇವದಲ್ಲಿ ಸುಮ್ಮನಿರುವುದಿಲ್ಲ. ಮಾದರಿಯ ನೆಲಕ್ಕೆ ನುಣ್ಣಗೆ ಸೋಸಿ ಹುರಿದ ಮರಳು ವಾಸಿ. ಕಾಫಿಯ ಗಷ್ಟು ಗುಲಾಬಿ ಗಿಡದ ಬುಡಕ್ಕೇ ಹೋಗಲಿ.

ಯುದ್ಧದ ಯಂತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು ಅಲಂಕರಿಸುವುದು ಯಾವ ಸಂಸ್ಕೃತಿ ಎಂದು ಕೇಳುವ ಹಿರಿಯರು ಮನೆಗಳಲ್ಲಿ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಮನೆ ೨೦೨೧ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿಯ ಆವರಣದಲ್ಲಿ ನಿಜವಾದ ಟ್ಯಾಂಕೊಂದು ನಿಂತಿದೆ. ಇಂಥ ಕಡೆ ನಿಲ್ಲಿಸಿದ ಟ್ಯಾಂಕಿಗೆ ನೋಡುವವರಿಗಾಗಿ ಬಣ್ಣ ಬಳಿದಿರುತ್ತಾರೆ. ಅದು ಗೌರವದ ಬಣ್ಣ. ಆದರೆ ಅದನ್ನು ನೋಡಿದ ಮಗುವಿಗೆ ಒಳಗೆ ಕುಳಿತವರು ಅನುಭವಿಸಿದ ಕಾವು, ಕೆಸರು, ಭಯ ಯಾವುದೂ ತಿಳಿಯದು. ಹವೆ ಹಿಡಿಸಿದ ಮಾದರಿ ಅದನ್ನು ಸ್ವಲ್ಪ ತಿಳಿಸಬಲ್ಲದು. ಮುಚ್ಚಳದ ಅಂಚಿನ ಸವೆತವನ್ನು ತೋರಿಸಿ, ಇಲ್ಲಿಂದ ಒಬ್ಬ ಮನುಷ್ಯ ದಿನವೂ ಹತ್ತಿ ಇಳಿಯುತ್ತಿದ್ದ ಎಂದು ಹೇಳಬಹುದು. ಒಂದು ದಿನ ಅವನು ಇಳಿಯಲಿಲ್ಲ ಎಂದೂ ಹೇಳಬಹುದು. ಹೊಚ್ಚಹೊಸ ಆಟದ ಟ್ಯಾಂಕು ಯುದ್ಧವನ್ನು ಆಟವೆಂದು ಕಲಿಸುತ್ತದೆ. ಸತ್ಯವಾಗಿ ಮುಗಿಸಿದ ಟ್ಯಾಂಕು ಹಾಗೆ ಕಲಿಸಲಾರದು.

ಅದಕ್ಕಾಗಿಯೇ ಎಲ್ಲಿ ನಿಲ್ಲಿಸಬೇಕೆಂಬುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಕೈ ಪಳಗಿದ ಹಾಗೆಲ್ಲ ಇನ್ನೊಂದು ಕಲೆ, ಇನ್ನೊಂದು ಗೆರೆ ಎಂಬ ಆಸೆ ಹುಟ್ಟುತ್ತದೆ. ಆಗ ಕುಂಚವನ್ನು ತೊಳೆದಿಟ್ಟು, ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದು ಗುರುತಿಗೂ ಕಾರಣ ಕೇಳಿ. ಕಾರಣ ಹೇಳಬಲ್ಲ ಗುರುತು ಇರಲಿ. ಹೇಳಲಾರದ್ದನ್ನು ಒರೆಸಿಬಿಡಿ. ಒರೆಸಿ ಉಳಿದದ್ದೇ ಮುಗಿದ ಟ್ಯಾಂಕು.